ಹೊರೆಗಲ್ಲಿಗೊಂದು ದಾರಿ

ಭಾನುವಾರ ಮಧ್ಯಾಹ್ನ ಬಾಲ್ಕನಿಯಲ್ಲಿ ಕುಳಿತು ಹಳೆಯ ಸೀರೆಯ ತುಂಡಿನಿಂದ ಸೈಕಲ್ ಒರೆಸುವುದು ಈಚೆಗೆ ನನಗೆ ಹತ್ತಿಕೊಂಡಿರುವ ಚಟ. ಬಟ್ಟೆಗೆ ಅಂಟಿದ ಮಣ್ಣು ನೋಡಿದರೆ ಅಂದು ಯಾವ ಕಡೆಗೆ ಹೋಗಿದ್ದೆ ಎಂದು ಹೇಳಬಲ್ಲೆ. ಹೊಸಕೋಟೆಯ ಆಚೆಗೆ ಹೋಗಿದ್ದರೆ ಕುಂಕುಮಕ್ಕೆ ತುಸು ಅರಿಸಿನ ಬೆರೆಸಿದ ಬಣ್ಣ, ಮಾಲೂರಿನ ಕಡೆಗಾದರೆ ಹೆಂಚಿನ ಪುಡಿ. ನಮ್ಮ ಜೀವನ್ ಬಿಮಾ ನಗರದ ರಸ್ತೆಯ ಧೂಳಿಗೆ ಮಾತ್ರ ಬಣ್ಣವೇ ಇಲ್ಲ. ಅದು ಮಣ್ಣಲ್ಲ, ಯಾರದೋ ಮನೆಗೆ ಏಳುತ್ತಿರುವ ಮೂರನೇ ಮಹಡಿ. ಇವತ್ತು ಒರೆಸಲು ಕುಳಿತರೆ ಚಕ್ರಕ್ಕಿಂತ ನನ್ನ ಶೂಗಳಿಗೇ ಹೆಚ್ಚು ಮಣ್ಣು ಹತ್ತಿದೆ. ಸೈಕಲ್ಲಿನಲ್ಲಿ ಹೋದವಳು ಇಷ್ಟೊಂದು ನಡೆದದ್ದು ಯಾಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ, ಆದರೆ ನಾನು ನೆಟ್ಟಗೆ ಹೇಳುವವಳಲ್ಲ, ಸ್ವಲ್ಪ ಸುತ್ತಿಸಿಕೊಂಡು ಹೋಗುತ್ತೇನೆ.

ನನ್ನದು ಗ್ರಾವೆಲ್ ಸೈಕಲ್. ಇಂದಿರಾನಗರದ ಅಂಗಡಿಯಲ್ಲಿ ಅದನ್ನು ತೋರಿಸಿದ ತರುಣ, "ಮೇಡಂ, ಇದು ರೋಡ್ ಬೈಕೂ ಅಲ್ಲ, ಮೌಂಟನ್ ಬೈಕೂ ಅಲ್ಲ. ರೋಡ್ ಮುಗಿದ್ಮೇಲೂ ಇದು ಹೋಗ್ತಾ ಇರುತ್ತೆ" ಎಂದ. ಐವತ್ತು ದಾಟಿದ, ವಿಮಾ ಕಚೇರಿಯಲ್ಲಿ ಕುಳಿತೂ ಕುಳಿತೂ ಕುರ್ಚಿಯ ಆಕಾರವೇ ಬಂದಿದ್ದ ಹೆಂಗಸು ಅಂಥ ಮಾತಿಗೆ ಸೋಲದೆ ಇರುವುದು ಹೇಗೆ? ಮನೆಗೆ ತಂದೆ. ಗದಗಿನ ಕಡೆಯವಳಾದ ನನ್ನ ಅಮ್ಮ ಕನ್ನಡಕ ಏರಿಸಿ ನೋಡಿದಳು. ಗ್ರಾವೆಲ್ ಅಂದರೆ ಜಲ್ಲಿ ಎಂದು ತಿಳಿದ ಮೇಲಂತೂ, "ಸಣ್ಣಾಕಿದ್ದಾಗ ಜಲ್ಲಿ ಮ್ಯಾಲೆ ಬಿದ್ದು ಮೊಣಕಾಲು ಒಡಕೊಂಡು ಬರ್ತಿದ್ದಿ. ಈಗ ರೊಕ್ಕಾ ಕೊಟ್ಟು ಬೀಳಾಕ ಹೊಂಟೀಯೇನು?" ಎಂದಳು. ಹುಣಸೆಮರ ಮುಪ್ಪಾದರೆ ಹುಳಿ ಮುಪ್ಪೇ ಎಂದು ನಾನೂ ಬಿಡಲಿಲ್ಲ. ಆದರೆ ಅವಳ ಮಾತು ಸುಳ್ಳಲ್ಲ. ನಮ್ಮ ಬಡಾವಣೆಗೆ ಇನ್ನೂ ಟಾರು ಬೀಳದ ಕಾಲ ಅದು. ಬೀದಿಬೀದಿಗೂ ಜಲ್ಲಿಯ ಗುಡ್ಡೆ. ಅಪ್ಪನ ದೊಡ್ಡ ಸೈಕಲ್ಲಿಗೆ ಒಳಪೆಡಲು ಹಾಕಿ ಕಲಿಯುತ್ತಿದ್ದೆ. ಹಳೆಯ ವಿಮಾನ ನಿಲ್ದಾಣದ ಕಡೆಗೆ ವಿಮಾನವೊಂದು ಹೊಟ್ಟೆ ತೋರಿಸಿಕೊಂಡು ತಲೆಯ ಮೇಲೆಯೇ ಇಳಿಯುವುದು, ನಾನು ಕತ್ತೆತ್ತುವುದು, ಜಲ್ಲಿ ನನ್ನನ್ನು ಬರಮಾಡಿಕೊಳ್ಳುವುದು ಎಲ್ಲ ಒಟ್ಟಿಗೇ ಆಗುತ್ತಿತ್ತು. ಎಡ ಮೊಣಕಾಲಿನ ಚರ್ಮದೊಳಗೆ ಆ ಕಾಲದ ಒಂದು ಹರಳು ಇನ್ನೂ ಇದೆ ಎಂದು ನನ್ನ ಗುಮಾನಿ. ಚಳಿಗಾಲದಲ್ಲಿ ಅದು ನೋಯುತ್ತದೆ.

ಮೆತ್ತೆಯಿಟ್ಟ ಚಡ್ಡಿ, ಅದರ ಮೇಲೆ ಮಂಡಿ ಮುಚ್ಚುವಷ್ಟು ಉದ್ದದ ಕುರ್ತಾ, ತಲೆಗೆ ಹೆಲ್ಮೆಟ್ಟು. ಈ ವೇಷದಲ್ಲಿ ಮೊದಲ ಭಾನುವಾರ ಹೊರಟಾಗ ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರ ಗೇಟು ತೆಗೆಯುವುದನ್ನೇ ಮರೆತು ನಿಂತಿದ್ದ. ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ ಸೈಕಲ್ ಸವಾರರ ಗುಂಪು ಸೇರಿತ್ತು. ಬಹುಪಾಲು ಕಲ್ಯಾಣ ನಗರ, ಮಹದೇವಪುರದ ಕಡೆಯ ಹುಡುಗ ಹುಡುಗಿಯರು. ಒಬ್ಬರನ್ನೊಬ್ಬರು ಮಗಾ, ಗುರು ಎನ್ನುತ್ತಾ ನನ್ನನ್ನು ಮಾತ್ರ ಮೇಡಂ ಎನ್ನುವವರು. ಅವರ ನಡುವೆ ಬಿಳಿ ಮೀಸೆಯ ಒಬ್ಬರೇ ಒಬ್ಬರು ನನ್ನ ಕಡೆ ನೋಡಿ, "ಬನ್ನಿ, ನಿಧಾನಕ್ಕೆ ಹೋಗೋಕೆ ನನಗೂ ಒಬ್ರು ಬೇಕಿತ್ತು" ಎಂದರು. ಅವರೇ ಮುನಿರಾಜಣ್ಣ.

ಮುನಿರಾಜಣ್ಣ ಗರುಡಾಚಾರ್‌ಪಾಳ್ಯದ ಹಳೆಯ ಮನೆತನದವರು. ಅವರಪ್ಪನ ಕಾಲದಲ್ಲಿ ರಾಗಿ, ಅವರೆ ಬೆಳೆದ ನೆಲದಲ್ಲಿ ಈಗ ಬಾಡಿಗೆಯ ಶೆಡ್ಡುಗಳಿವೆ. ಉಳುವ ಕೆಲಸ ಹೋದ ಮೇಲೆ ಕಾಲುಗಳನ್ನು ಏನು ಮಾಡಬೇಕು ಎಂದು ತಿಳಿಯದೆ ಸೈಕಲ್ ಹತ್ತಿದೆ ಎಂದು ಅವರೇ ಹೇಳುತ್ತಾರೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಎತ್ತಿನ ಗಾಡಿಯಲ್ಲಿ ಬೀಜಕ್ಕೆ, ಕರುಗಳಿಗೆ, ನೆಂಟರ ಮದುವೆಗೆ ಎಂದು ಹೊಸಕೋಟೆ, ಮಾಲೂರು ಸೀಮೆಯನ್ನೆಲ್ಲ ಸುತ್ತಿದವರು. ಹಾಗಾಗಿ ಟಾರು ಕಾಣದ ಗಾಡಿಜಾಡುಗಳೆಲ್ಲ ಅವರಿಗೆ ಗೊತ್ತು. ಗುಂಪಿಗೆ ದಾರಿ ಹುಡುಕುವವರು ಅವರೇ. ಸವಾರಿ ಮುಗಿದ ಮೇಲೆ ಫೋನು ಆ ದಿನದ ದಾರಿಯನ್ನು ನಕಾಶೆಯ ಮೇಲೆ ಒಂದು ಕೆಂಪು ಗೆರೆಯಾಗಿ ಬರೆದಿಟ್ಟಿರುತ್ತದೆ. ಅದನ್ನು ಅವರು ಗುಂಪಿಗೆ ಕಳಿಸುತ್ತಾರೆ. ಮುಂದಿನ ವಾರ ಬೇಕಾದವರು ಆ ಗೆರೆ ಹಿಡಿದು ಹೋಗಬಹುದು. ಮುನಿರಾಜಣ್ಣನ ಗೆರೆ ಎಂದರೆ ನಮ್ಮಲ್ಲಿ ಒಂದು ಮರ್ಯಾದೆ.

ಆ ದಾರಿಗಳ ಬಗ್ಗೆ ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ. ಹಳೇ ಮದ್ರಾಸ್ ರಸ್ತೆಯ ಲಾರಿಗಳ ಗದ್ದಲದಿಂದ ಎಡಕ್ಕೋ ಬಲಕ್ಕೋ ಒಮ್ಮೆ ಹೊರಳಿದರೆ ಸಾಕು, ಚಕ್ರದ ಕೆಳಗೆ ನೊರಜುಗಲ್ಲು ಕರಕರ ಎನ್ನತೊಡಗುತ್ತದೆ. ಕೆರೆಯ ಏರಿ, ಏರಿಯ ಮೇಲೆ ಮುನೇಶ್ವರನ ಕಲ್ಲು, ಹುಣಸೆಯ ತೋಪು, ತೋಪಿನ ನೆರಳಲ್ಲಿ ಅರ್ಧ ಹೂತುಹೋದ ವೀರಗಲ್ಲು. ಯಾವ ಕಾಲದವನೋ, ಯಾರ ದನ ಬಿಡಿಸಲು ಹೋಗಿ ಸತ್ತವನೋ, ಬಿಲ್ಲು ಹಿಡಿದು ನಿಂತಿದ್ದಾನೆ. ಅವನ ತಲೆಯ ಮೇಲೆ ಯಾರೋ ಟವೆಲ್ ಒಣಹಾಕಿರುತ್ತಾರೆ. ಮುನಿರಾಜಣ್ಣ ಅಂಥ ಕಡೆ ಇಳಿದು ಟವೆಲ್ಲನ್ನು ಮಡಿಚಿ ಪಕ್ಕಕ್ಕಿಟ್ಟು, ಕಲ್ಲಿನ ಮುಖ ಒರೆಸಿ, ಮತ್ತೆ ಹತ್ತುತ್ತಾರೆ. ಹುಡುಗರು ಕೇಳಿದರೆ, "ನಮ್ಮೋನೇ ಇರ್ಬೋದು, ಯಾರಿಗೊತ್ತು" ಎನ್ನುತ್ತಾರೆ.

ಕಳೆದ ವರ್ಷದ ಒಂದು ಭಾನುವಾರದಿಂದ ಮುನಿರಾಜಣ್ಣ ಬರುವುದು ನಿಂತಿತು. ಅವರಿಗೆ ಒಬ್ಬಳೇ ಮಗಳು. ಕಲ್ಯಾಣ ನಗರಕ್ಕೆ ಕೊಟ್ಟಿದ್ದರು. ಏಳು ತಿಂಗಳ ಬಸುರಿ, ಸೀಮಂತದ ಹಸಿರು ಬಳೆ ಕೈಯಲ್ಲಿ ಇದ್ದ ಹಾಗೆಯೇ ಜ್ವರವೊಂದು ಬಂದು ಅವಳನ್ನೂ ಒಳಗಿನ ಕೂಸನ್ನೂ ಒಟ್ಟಿಗೆ ಕರೆದುಕೊಂಡು ಹೋಯಿತು. ನಾವೆಲ್ಲ ಹೋಗಿದ್ದೆವು. ಅವರ ಹೆಂಡತಿ ಜಯಮ್ಮ ಗೋಡೆಗೆ ಒರಗಿ ಕುಳಿತಿದ್ದರು. ನಾನು ಪಕ್ಕದಲ್ಲಿ ಕುಳಿತು ಎದ್ದು ಬಂದೆ.

ಬಹಳ ದಿನಗಳಾದ ಮೇಲೆ ಮುನಿರಾಜಣ್ಣ ತೂಗುಸೇತುವೆಯ ಕೆಳಗೆ ಮತ್ತೆ ಕಾಣಿಸಿಕೊಂಡರು. ಅವರು ಮುಂದೆ, ನಾವು ಹಿಂದೆ. ಹಾಗೆ ಹೋಗುವಾಗ ಒಮ್ಮೆ ಮಾಲೂರಿನ ಆಚೆ, ನಾವು ಯಾರೂ ನೋಡಿರದ ಒಂದು ಜಾಡಿನಲ್ಲಿ ಆ ಕಲ್ಲು ಸಿಕ್ಕಿತು. ಎರಡು ಕಲ್ಲಿನ ಕಂಬ, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ, ಅಷ್ಟೇ. ಬಾಗಿಲಿಲ್ಲದ ಬಾಗಿಲುವಾಡದಂತೆ ದಾರಿಯ ಪಕ್ಕ ನಿಂತಿತ್ತು. ಎತ್ತರ ನನ್ನ ಕಿವಿಯ ಮಟ್ಟ. ಹುಡುಗರಿಗೆ ಖುಷಿಯೋ ಖುಷಿ. ಸೈಕಲ್ಲುಗಳ ಸೀಟನ್ನು ಚಪ್ಪಡಿಗೆ ಸಿಕ್ಕಿಸಿ ಸಾಲಾಗಿ ನೇತುಹಾಕಿ ಫೋಟೋ ತೆಗೆಯತೊಡಗಿದರು. ಹಿಂದಿನವರಿಗೆ ಎಷ್ಟು ಬುದ್ಧಿ ನೋಡು ಮಗಾ, ಸೈಕಲ್ ಸ್ಟ್ಯಾಂಡು ಮಾಡಿಟ್ಟವ್ರೆ ಎಂದು ಒಬ್ಬ ನಗಾಡಿದ. ನಾನೂ ನಕ್ಕೆ.

ಅಲ್ಲೇ ಮೇಕೆ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದಳು. ಸಿಟ್ಟಿರಲಿಲ್ಲ. "ಅದು ಹೊರೆಗಲ್ಲು ಕಣ್ರಪ್ಪ" ಎಂದಳು. "ತಲೆ ಮೇಲೆ ಹೊರೆ ಹೊತ್ಕೊಂಡು ಬರೋರು ಒಬ್ರೇ ಇದ್ರೆ ಇಳಿಸೋದೆಂಗೆ, ಮತ್ತೆ ಎತ್ಕೊಳ್ಳೋದೆಂಗೆ? ಈ ಕಲ್ಲು ಮೇಲಕ್ಕೆ ಜಾರಿಸ್ಬುಟ್ಟು ಒಸಿ ಸುಧಾರಿಸ್ಕೊಂಡು, ಮತ್ತೆ ತಲೆ ಕೊಟ್ಟು ಹೊತ್ಕೊಂಡು ಹೋಗದು. ಯಾರನ್ನೂ ಕರೀಬೇಕಾಗಿಲ್ಲ." ಅಷ್ಟು ಹೇಳಿ ಸುಮ್ಮನಾಗಿದ್ದರೆ ಅದು ಬರೀ ಒಂದು ಉಪಾಯದ ಕಲ್ಲಾಗಿ ಉಳಿಯುತ್ತಿತ್ತು. ಮುದುಕಿ ಕಂಬದ ಮೇಲೆ ಕೈಯಿಟ್ಟು ಮುಂದುವರಿಸಿದಳು. "ಬಸ್ರಿ ಹೆಂಗ್ಸು ಹೆರ್ದಂಗೆ ಸತ್ರೆ ಅವಳ ಹೆಸ್ರಲ್ಲಿ ನಿಲ್ಸೋರು. ಹೊತ್ತಿದ್ದನ್ನ ಇಳಿಸ್ದಂಗೆ ಹೋದ್ಲಲ್ಲ ಪಾಪ. ದಾರೀಲಿ ಹೋಗೋರು ಇಲ್ಲಿ ಹೊರೆ ಇಳಿಸ್ದಂಗೆಲ್ಲ ಅವಳದ್ದೂ ಒಸಿ ಇಳೀತದೆ ಅಂತ."

ಹುಡುಗರು ಒಬ್ಬೊಬ್ಬರಾಗಿ ಸದ್ದಿಲ್ಲದೆ ಸೈಕಲ್ ಇಳಿಸಿಕೊಂಡರು. ಮುನಿರಾಜಣ್ಣನ ಕಡೆ ನೋಡುವ ಧೈರ್ಯ ನಮಗಾರಿಗೂ ಇರಲಿಲ್ಲ. ಹಿಂದಿರುಗುವಾಗ ಹೊಸಕೋಟೆಯ ಕೆರೆ ಏರಿಯ ಮೇಲೆ, ಉಳಿದವರೆಲ್ಲ ಮುಂದೆ ಹೋದ ಮೇಲೆ ಅವರು ನಿಂತು, "ಮೇಡಂ, ನಾನೂ ಒಂದು ನಿಲ್ಲಿಸ್ಬೇಕು" ಎಂದರು. ಹೆಲ್ಮೆಟ್ಟು ತೆಗೆದು ಹ್ಯಾಂಡಲ್ಲಿಗೆ ಸಿಕ್ಕಿಸಿ, "ಎಲ್ಲಿ ನಿಲ್ಲಿಸ್ಲಿ ಹೇಳಿ" ಎಂದರು.

ಅದೇ ಕಷ್ಟ. ಕಲ್ಲಿಗೆ ಬರವಿಲ್ಲ, ನಿಲ್ಲಿಸಲು ಅವರದೇ ನೆಲವಿದೆ. ಆದರೆ ಗರುಡಾಚಾರ್‌ಪಾಳ್ಯದಲ್ಲಿ ತಲೆಯ ಮೇಲೆ ಹೊರೆ ಹೊತ್ತು ನಡೆಯುವವರು ಯಾರಿದ್ದಾರೆ? ಊಟ ತಲುಪಿಸುವ ಹುಡುಗರ ಬೆನ್ನ ಮೇಲೆ ಒಂದೊಂದು ಡಬ್ಬವಿರುತ್ತದೆ, ಅದನ್ನು ಅವರು ಸಿಗ್ನಲ್ಲಿನಲ್ಲೂ ಇಳಿಸುವುದಿಲ್ಲ. "ಹೊರೆ ಹೋಗೋ ದಾರೀಲೇ ನಿಲ್ಲಿಸ್ಬೇಕು. ಯಾರೂ ಇಳಿಸ್ದಿದ್ರೆ ಅದು ಬರೀ ಕಲ್ಲು. ಅವಳಿಗೇನೂ ಮುಟ್ಟಲ್ಲ" ಎಂದರು ಮುನಿರಾಜಣ್ಣ. ಇದನ್ನೆಲ್ಲ ಅವರು ನಂಬುತ್ತಿದ್ದರೇ ಎಂದು ನಾನು ಕೇಳಲಿಲ್ಲ. ನಾನು ನಂಬುತ್ತೇನೆಯೇ ಎಂದೂ ನನ್ನನ್ನು ಕೇಳಿಕೊಳ್ಳಲಿಲ್ಲ. ಜಯಮ್ಮ ಮಾತ್ರ ನಂಬಲಿಲ್ಲ. "ಕಲ್ಲು ನಿಲ್ಲಿಸಿದ್ರೆ ಎದ್ದು ಬತ್ತಾಳಾ? ಸುಮ್ನಿರಿ" ಎಂದು ಅಂದುಬಿಟ್ಟರಂತೆ.

ಅಲ್ಲಿಂದ ನಮ್ಮ ಭಾನುವಾರಗಳ ಅರ್ಥವೇ ಬದಲಾಯಿತು. ಅದುವರೆಗೆ ನಾವು ಸೈಕಲ್ ಓಡಿಸಲು ದಾರಿ ಹುಡುಕುತ್ತಿದ್ದೆವು. ಈಗ ಜನ ಇನ್ನೂ ಹೊತ್ತು ನಡೆಯುವ ಒಂದೇ ಒಂದು ದಾರಿ ನಮಗೆ ಬೇಕಾಗಿತ್ತು. ಗುಂಪಿನಿಂದ ಬೇರೆಯಾಗಿ ನಾವಿಬ್ಬರೇ ಹೊರಡುತ್ತಿದ್ದೆವು. ಊರೂರಿನ ಅಂಚಿನಲ್ಲಿ ನಿಂತು ಯಾರ ತಲೆಯ ಮೇಲೆ ಏನಿದೆ ಎಂದು ನೋಡುವುದೇ ಕೆಲಸ. ಹುಲ್ಲು ಮೊಪೆಡ್ಡಿನ ಹಿಂದೆ ಹೋಗುತ್ತಿತ್ತು, ಸೌದೆಯ ಬದಲು ಸಿಲಿಂಡರು ಆಟೋದಲ್ಲಿ ಬರುತ್ತಿತ್ತು, ನೀರಿಗೆ ಟ್ರಾಕ್ಟರು. ಹೊತ್ತು ನಡೆಯುವ ಬವಣೆ ತಪ್ಪಿತಲ್ಲ ಎಂದು ನನಗೆ ಸಮಾಧಾನವಾಗಬೇಕಿತ್ತು. ಆಗುತ್ತಿರಲಿಲ್ಲ. ಮುನಿರಾಜಣ್ಣನ ಮುಖ ನೋಡಿದರೆ ಯಾರಾದರೂ ಒಂದು ಕಟ್ಟು ಹುಲ್ಲಾದರೂ ಹೊತ್ತು ಬರಬಾರದೇ ಅನ್ನಿಸುತ್ತಿತ್ತು. ಮನುಷ್ಯರ ಬಯಕೆ ಎಂಥೆಂಥದೋ ನೋಡಿ.

ಹೀಗೆ ದಾರಿಯಲ್ಲಿ ನಿಂತು ನಿಟ್ಟಿಸುವವರನ್ನು ಆ ಸೀಮೆಯಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. "ಸರ್ವೇನೋರಾ? ಈ ಸಲ ಯಾರ ಜಮೀನು ಹೋಗ್ತದೆ?" ಎಂದು ಒಬ್ಬರು. "ಸೈಟು ನೋಡ್ತಿದೀರಾ? ಏಜೆಂಟು ಬೇಡ, ನನ್ನ ಹತ್ರಾನೇ ಮಾತಾಡಿ" ಎಂದು ಇನ್ನೊಬ್ಬರು. ಹೆಲ್ಮೆಟ್ಟು, ಮೆತ್ತೆಯ ಚಡ್ಡಿಯ ನನ್ನನ್ನು ನೋಡಿ ಒಬ್ಬಾಕೆ, ಯಾವುದೋ ಹರಕೆಯಿರಬೇಕು ಎಂದುಕೊಂಡು ಮಜ್ಜಿಗೆ ತಂದುಕೊಟ್ಟಳು. ನಾನು ಬೇಡವೆನ್ನಲಿಲ್ಲ.

ಕೊನೆಗೆ ಒಂದು ಊರು ಸಿಕ್ಕಿತು. ಹೆಸರು ಹೇಳುವುದಿಲ್ಲ, ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಹಾಲು ಹಾಕಿ ಬದುಕುವ ಊರು. ಹೆಂಗಸರು ಕೆರೆಯಂಗಳದಲ್ಲಿ ಹುಲ್ಲು ಕೊಯ್ದು, ಹೊರೆ ಕಟ್ಟಿ, ಏರಿಯ ಕೆಂಪು ಜಾಡಿನಲ್ಲಿ ಹುಣಸೆತೋಪು ಹಾದು ಮನೆಗೆ ಹೋಗುತ್ತಿದ್ದರು. ತೋಪಿನಲ್ಲಿ ಒಬ್ಬಾಕೆ ಹೊರೆಯನ್ನು ನೆಲಕ್ಕೆ ಹಾಕಿ ಕುಳಿತಿದ್ದಳು. ಸುಧಾರಿಸಿಕೊಂಡಾಗಿತ್ತು, ಎತ್ತಿಕೊಡಲು ಯಾರೂ ಇರಲಿಲ್ಲ. ಮುನಿರಾಜಣ್ಣ ಸೈಕಲ್ಲನ್ನು ಹಾಗೆಯೇ ಕೆಡವಿ ಹೋಗಿ ಒಂದು ಕೈ ಕೊಟ್ಟರು. ಆಕೆ ಹೋದ ಮೇಲೆ ಬಹಳ ಹೊತ್ತು ಆ ಜಾಗವನ್ನು ನೋಡುತ್ತಾ ನಿಂತರು. ತೋಪಿನ ಒಡೆಯರನ್ನು ಕಂಡು ಕಲ್ಲು ನಿಲ್ಲಿಸಬಹುದೇ ಎಂದು ಕೇಳಿದೆವು. "ನಿಲ್ಸಿ, ಒಳ್ಳೇದೇ ಅಲ್ವಾ" ಎಂದರು.

ಆ ದಿನ ಕೆಟ್ಟದ್ದು ನಡೆದದ್ದು ಬರೀ ಅಭ್ಯಾಸಬಲದಿಂದ. ಮುನಿರಾಜಣ್ಣ ಮನೆಗೆ ಬಂದು, ಬೂಟು ಬಿಚ್ಚುವ ಮೊದಲು ಎಂದಿನಂತೆ ಫೋನಿನ ಗೆರೆಯನ್ನು ಗುಂಪಿಗೆ ಕಳಿಸಿಬಿಟ್ಟಿದ್ದರು. ಇಷ್ಟು ವರ್ಷ ಮಾಡಿದ್ದನ್ನೇ ಬೆರಳು ಮಾಡಿತು. ಗುಂಪಿನವರು ಹೋಗಿ ನೋಡಿ ಬೆರಗಾದರು. ಪೂರ್ವದ ಕಡೆಯ ಅತ್ಯುತ್ತಮ ಗ್ರಾವೆಲ್ ಎಂದು ಯಾರೋ ಬರೆದರು. ಗೆರೆ ಬೇರೆ ಗುಂಪುಗಳಿಗೂ ಹಾರಿತು. ಗುಂಪಿನ ಮಾತುಕತೆ ನೋಡುವುದನ್ನೇ ಬಿಟ್ಟಿದ್ದ ನಮಗೆ ಇದರ ಅರಿವೇ ಇಲ್ಲ. ಕಲ್ಲುಕುಟಿಗನಿಗೆ ಜಾಗ ತೋರಿಸಲು ಮತ್ತೆ ಹೋದಾಗ ತೋಪು ಬಿಕೋ ಎನ್ನುತ್ತಿತ್ತು. ಕೆಂಪು ಜಾಡಿನ ಮೇಲೆ ಎಲ್ಲೆಲ್ಲೂ ಸೈಕಲ್ ಚಕ್ರದ ಅಚ್ಚುಗಳು, ಒಂದೇ ಒಂದು ಬರಿಗಾಲಿನ ಗುರುತಿಲ್ಲ.

ಊರೊಳಗೆ ಹೋಗಿ ಕೇಳಿದರು ಮುನಿರಾಜಣ್ಣ. ಅಂದು ಹೊರೆ ಎತ್ತಿಸಿಕೊಂಡಾಕೆಯೇ ಸಿಕ್ಕಿದಳು. "ನಿಮ್ಮೋರು ಸೈಕಲ್‌ನೋರು ಜೋರಾಗಿ ಬತ್ತಾರೆ. ಹಸ ಬೆದರ್ತವೆ, ಹೊರೆ ಹೊತ್ಕೊಂಡು ಪಕ್ಕಕ್ಕೆ ಸರಿಯಾಕಾಗಲ್ಲ. ನಾವು ಬೇರೆ ಕಡೆ ಹೋಯ್ತೀವಿ ಈಗ."

"ಯಾವ ಕಡೆ ತಾಯಿ?"

"ಹೇಳಿದ್ರೆ ಅಲ್ಲಿಗೂ ಬತ್ತೀರ."

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಗುಂಪಿನ ಹುಡುಗರು ಒಳ್ಳೆಯವರು. ವಿಷಯ ತಿಳಿದ ತಕ್ಷಣ ಗೆರೆಯನ್ನು ಅಳಿಸಿದರು, ಬೇರೆಯವರಿಗೂ ಹೇಳಿದರು. ಆದರೆ ಆಡಿದ ಮಾತು, ಒಡೆದ ಮುತ್ತು ಎನ್ನುವ ಸಾಲಿಗೆ ಈಗ ಕಳಿಸಿದ ಗೆರೆಯನ್ನೂ ಸೇರಿಸಿಕೊಳ್ಳಬೇಕು. ಮುನಿರಾಜಣ್ಣ ಹಿಂದಿರುಗುವಾಗ ಸೈಕಲ್ ಹತ್ತಲೇ ಇಲ್ಲ, ತುಂಬ ದೂರ ತಳ್ಳಿಕೊಂಡೇ ನಡೆದರು. "ನಾನೇ ಬೇಲಿ, ನಾನೇ ಹೊಲ ಮೇಯ್ದೆ" ಎಂದರು. ದುಃಖವನ್ನು ನಾನು ಅವರ ಮನೆಯಲ್ಲಿ ಆ ದಿನ ನೋಡಿದ್ದೆ. ಆದರೆ ಸೋತ ಮನುಷ್ಯನನ್ನು ನೋಡಿದ್ದು ಆವತ್ತೇ.

ಆ ವಾರದಲ್ಲೇ ಜಯಮ್ಮ ನನಗೆ ಫೋನು ಮಾಡಿದರು. "ಇವರು ಊಟ ಬಿಟ್ಟವ್ರೆ. ಆ ಊರಿಗೆ ನನ್ನ ಕರ್ಕೊಂಡ್ಹೋಗ್ತೀರಾ?" ಎಂದರು. ನನ್ನ ಪುಟ್ಟ ಕಾರಿನಲ್ಲಿ ಮೂವರೂ ಹೋದೆವು. ಆ ಹೆಂಗಸರು ಮಾತಿಗೆ ಸಿಗುತ್ತಾರೋ ಇಲ್ಲವೋ ಎಂದು ಮುನಿರಾಜಣ್ಣ ದಾರಿಯುದ್ದಕ್ಕೂ ಚಡಪಡಿಸುತ್ತಿದ್ದರು. "ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ" ಎಂದ ಜಯಮ್ಮ, ಊರ ಮುಂದಿನ ನೀರಿನ ತೊಂಬೆಯ ಕಟ್ಟೆಯ ಮೇಲೆ ಹೋಗಿ ಕುಳಿತುಬಿಟ್ಟರು. ನಮ್ಮಿಬ್ಬರಿಗೆ ದೂರ ಇರಲು ಹೇಳಿದರು. ಹೆಂಗಸರು ಬಂದರು. ಕೊಡ ತುಂಬುವವರೆಗೆ ಸಾಮಾನ್ಯ ಮಾತು ನಡೆದಂತಿತ್ತು. ಆಮೇಲೆ ಜಯಮ್ಮ ಏನೋ ಹೇಳಿದರು. ಕೊಡಗಳು ತುಂಬಿ ಹೊರಚೆಲ್ಲುತ್ತಿದ್ದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ. ಒಬ್ಬ ಹಿರಿಯಾಕೆ ಜಯಮ್ಮನ ಕೈ ಹಿಡಿದು ಎಬ್ಬಿಸಿದಳು.

"ಬಾ ತಾಯಿ, ತೋರಿಸ್ತೀನಿ" ಎಂದು ನಮ್ಮ ಹತ್ತಿರ ಬಂದು, ಮುನಿರಾಜಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವರೂ ಬರ್ಲಿ. ಫೋನು ಮಾತ್ರ ಇಲ್ಲೇ ಮಡಗಿ ಬರ್ಲಿ." ಮುನಿರಾಜಣ್ಣ ಜೇಬಿನಿಂದ ಫೋನು ತೆಗೆದು ಕಾರಿನಲ್ಲಿಟ್ಟರು. ನಾನೂ ಇಟ್ಟೆ.

ಕೋಡಿಯ ಹಿಂದೆ, ಲಾಂಟಾನದ ಪೊದೆಗಳ ನಡುವೆ, ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆ ಇಡುವಷ್ಟೇ ಅಗಲದ ಕಾಲುದಾರಿ. ನಡುವೆ ಬಂಡೆಯೊಂದನ್ನು ಹತ್ತಿ ಇಳಿಯಬೇಕು. ಯಾವ ಗ್ರಾವೆಲ್ ಸೈಕಲ್ಲೂ ಅಲ್ಲಿಗೆ ಬರಲಾರದು, ಹೊತ್ತುಕೊಂಡು ಬಂದರೂ ಓಡಿಸಲಾರರು. ಮುನಿರಾಜಣ್ಣ ಅದನ್ನು ಮೊದಲಿನಿಂದ ಕೊನೆಯವರೆಗೆ ನಡೆದು ನೋಡಿ, "ಇಲ್ಲಿ ನಮ್ಮೋರು ಬರಕ್ಕಾಗಲ್ಲ" ಎಂದರು. ದಾರಿಯೊಂದನ್ನು ನೋಡಿ ಅವರು ಹಾಗೆ ಸಂತೋಷಪಟ್ಟಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಕಲ್ಲುಕುಟಿಗ ಮಾಲೂರಿನ ಕಡೆಯವನು. ಕಂಬಗಳಿಗೆ ಒಪ್ಪ ಕೊಟ್ಟಾಗಿತ್ತು, ನೆಲದ ಮೇಲೆ ಉಳಿಯಬೇಕಾದ ಎತ್ತರಕ್ಕೆ ಕತ್ತರಿಸುವುದೊಂದು ಬಾಕಿ. ನಾವು ಅವನ ಅಂಗಳಕ್ಕೆ ಹೋದಾಗ ಸುತ್ತಲೂ ಅರ್ಧಂಬರ್ಧ ಕೆತ್ತಿದ ದೇವರುಗಳು, ಒಂದು ಬೇವಿನ ಮರ. ಅವನು ಉಳಿ ಕೆಳಗಿಟ್ಟು, "ಎತ್ತರ ಎಷ್ಟಿಡ್ಲಿ? ನಮ್ಮಪ್ಪ ಇಂಥದು ಮಾಡೋವಾಗ ಹೋದೋರ ಎತ್ತರಕ್ಕೇ ಮಾಡ್ತಿದ್ರು. ಅವಳು ನಿಂತ್ರೆ ಚಪ್ಪಡಿ ಅವಳ ಕಿವಿಗೆ ಬರ್ಬೇಕು" ಎಂದ.

ಮುನಿರಾಜಣ್ಣ ಕೈಯನ್ನು ತಮ್ಮ ಎದೆಯ ಹತ್ತಿರ ಹಿಡಿದು, "ಇಷ್ಟಿದ್ಲು" ಎಂದರು. ಆಮೇಲೆ ಭುಜದವರೆಗೆ ಏರಿಸಿದರು. ಅದೂ ಸರಿಯೆನಿಸದೆ ಗಲ್ಲದ ಹತ್ತಿರ ತಂದರು. ಮತ್ತೆ ಇಳಿಸಿದರು. ಕೈ ಗಾಳಿಯಲ್ಲಿ ಮೇಲೆ ಕೆಳಗೆ ಆಡುತ್ತಿತ್ತು, ಎಲ್ಲೂ ನಿಲ್ಲುತ್ತಿರಲಿಲ್ಲ. ಅವರ ಎದೆಯೆತ್ತರ ಇದ್ದದ್ದು ಶಾಲೆಗೆ ಹೋಗುವ ಮಗಳಿರಬೇಕು, ಭುಜದೆತ್ತರ ಕಾಲೇಜಿನವಳು. ಎಲ್ಲ ವಯಸ್ಸಿನ ಮಗಳೂ ಒಟ್ಟಿಗೆ ಬಂದು ನಿಂತರೆ ತಂದೆಯಾದವನು ಯಾರ ಅಳತೆ ಕೊಡಬೇಕು?

ಬೇವಿನ ಕೆಳಗೆ ಕುಳಿತಿದ್ದ ಜಯಮ್ಮ ಎದ್ದು ಬಂದರು. "ನನ್ನಷ್ಟೇ ಇದ್ಲು. ನನ್ನ ರವಿಕೇನೆ ಹಾಕ್ಕೊಳ್ಳೋಳು" ಎಂದರು. ಚಪ್ಪಲಿ ಬಿಚ್ಚಿ, ಅಂಗಳದಲ್ಲಿ ನಿಲ್ಲಿಸಿದ್ದ ಕಂಬಕ್ಕೆ ಬೆನ್ನು ಕೊಟ್ಟು, ಗಲ್ಲ ಎತ್ತಿ ನೆಟ್ಟಗೆ ನಿಂತರು. "ತಗೊಳ್ಳಪ್ಪ ಅಳತೆ." ಕಲ್ಲುಕುಟಿಗ ಅವರ ಕಿವಿಯ ಪಕ್ಕ ಸೀಮೆಸುಣ್ಣದ ಗುರುತು ಎಳೆದ. "ಆಯ್ತಮ್ಮ" ಎಂದ. ಜಯಮ್ಮ ಅಲ್ಲಾಡಲಿಲ್ಲ. ಕಣ್ಣು ಮುಚ್ಚಿ ಹಾಗೆಯೇ ನಿಂತಿದ್ದರು. ಅವನು ಎರಡನೆಯ ಸಲ ಆಯ್ತು ಎನ್ನಲಿಲ್ಲ. ಉಳಿಯನ್ನು ಎತ್ತಿಕೊಳ್ಳದೆ ಸುಮ್ಮನೆ ಕಾದ. ನಾನು ಬೇರೆ ಕಡೆಗೆ ತಿರುಗಿ ಅತ್ತೆ, ಅದನ್ನು ಮುಚ್ಚಿಟ್ಟುಕೊಳ್ಳುವುದರಲ್ಲಿ ಏನೂ ಅರ್ಥವಿಲ್ಲ.

ಕಲ್ಲು ನಿಲ್ಲಿಸಿದ ದಿನ ದೊಡ್ಡ ಸಮಾರಂಭವೇನೂ ನಡೆಯಲಿಲ್ಲ. ಊರಿನ ಗಂಡಸರು ಗುಂಡಿ ತೆಗೆದರು, ಚಪ್ಪಡಿಯನ್ನು ಹಗ್ಗ ಕಟ್ಟಿ ತಂದು ಏರಿಸಿದರು. ಅರಿಸಿನ, ಕುಂಕುಮ, ಸ್ವಲ್ಪ ಹಾಲು. ಆಮೇಲೆ ಎಲ್ಲರೂ ಹೋದರು, ನಾವು ಮೂವರು ಪೊದೆಯ ನೆರಳಿನಲ್ಲಿ ಕುಳಿತೆವು. ಯಾರಾದರೂ ಬರುತ್ತಾರೆಯೇ, ಬಂದರೂ ಇಳಿಸುತ್ತಾರೆಯೇ. ಹೊಸ ಕಲ್ಲನ್ನು ಕಂಡರೆ ಜನ ಕೈಮುಗಿದು ದೂರದಿಂದಲೇ ಹೋಗಿಬಿಡುವುದೂ ಉಂಟು. ಬಿಸಿಲು ಏರಿತು. ಕೊನೆಗೆ ಕೆರೆಯ ಕಡೆಯಿಂದ ಹುಲ್ಲಿನ ಹೊರೆಯೊಂದು ಪೊದೆಗಳ ಮೇಲೆ ತೇಲಿದ ಹಾಗೆ ಬಂತು. ಆ ಹಿರಿಯಾಕೆಯೇ. ಕಲ್ಲಿನ ಮುಂದೆ ನಿಂತು, ಮಂಡಿಯನ್ನು ಸ್ವಲ್ಪವೇ ಬಾಗಿಸಿ, ತಲೆಯನ್ನು ಹಿಂದಕ್ಕೆ ಎಳೆದುಕೊಂಡಳು. ಹೊರೆ ಚಪ್ಪಡಿಯ ಮೇಲೆ ಕುಳಿತಿತು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ಸರ್ಯಾಗದೆ ಎತ್ತರ" ಎಂದಳು. ಆಮೇಲೆ ಜಯಮ್ಮನನ್ನು ಕೇಳಿದಳು, "ಹೆಸರೇನು ಹುಡುಗೀದು?"

ಜಯಮ್ಮ ಹೇಳಿದರು. "ಪವಿತ್ರ."

ನಾನು ಇಷ್ಟು ಹೊತ್ತು ಆ ಹುಡುಗಿಯ ಹೆಸರು ಬರೆಯದೆ ಇದ್ದದ್ದು ಬೇಕೆಂದೇ. ಅವಳು ಹೋದ ದಿನದಿಂದ ಆ ಮನೆಯಲ್ಲಿ ಯಾರೂ ಆ ಹೆಸರನ್ನು ಎತ್ತಿರಲಿಲ್ಲ. ಗಂಡ ಹೆಂಡತಿಗೆ ಹೆದರಿ, ಹೆಂಡತಿ ಗಂಡನಿಗೆ ಹೆದರಿ, ಇಬ್ಬರಿಗೂ ಹೆದರಿ ನಾವು. ಸಾವು ಒಂದು ಸಲ ಕರೆದುಕೊಂಡು ಹೋಗುತ್ತದೆ. ಉಳಿದದ್ದನ್ನು ನಾವೇ ಒಳ್ಳೆಯ ಮನಸ್ಸಿನಿಂದ ಅಳಿಸುತ್ತಾ ಬರುತ್ತೇವೆ. ಜಯಮ್ಮ ಹೇಳಿದಾಗ ಮುನಿರಾಜಣ್ಣ ತಲೆ ತಗ್ಗಿಸಿಕೊಂಡು ಕೂತಿದ್ದರು.

ಅದಾದ ಮೇಲೆ ಬಹಳ ದಿನ ನಾವು ಅಲ್ಲಿಗೆ ಹೋಗಲಿಲ್ಲ. ಮತ್ತೆ ಮತ್ತೆ ಹೋಗಿ ಕಾವಲು ಕಾಯುವುದು ಮುನಿರಾಜಣ್ಣನಿಗೆ ಇಷ್ಟವಿರಲಿಲ್ಲ. ಇವತ್ತು ಬೆಳಿಗ್ಗೆ ಜಯಮ್ಮನೇ ಹೋಗೋಣ ಎಂದರು. ನಾವಿಬ್ಬರು ಊರಿನವರೆಗೆ ಸೈಕಲ್ಲಿನಲ್ಲಿ ಹೋದೆವು, ಅವರು ಕೆ.ಆರ್. ಪುರದಿಂದ ಬಸ್ಸಿನಲ್ಲಿ ಬಂದು ಇಳಿದರು. ಸೈಕಲ್ಲುಗಳನ್ನು ಒಬ್ಬರ ಮನೆಯ ಜಗಲಿಗೆ ಒರಗಿಸಿ, ಕೋಡಿಯ ಹಿಂದಿನ ಕಾಲುದಾರಿ ಹಿಡಿದೆವು. ರಾತ್ರಿ ಮಳೆ ಬಂದು ಮಣ್ಣು ಹಸಿಯಾಗಿತ್ತು. ಬಂಡೆ ಹತ್ತುತ್ತಿದ್ದಾಗ ಆಚೆ ಕಡೆಯಿಂದ ಹೆಂಗಸೊಬ್ಬಳ ಗಟ್ಟಿ ದನಿ ಕೇಳಿಸಿತು. ಹಿಂದೆ ಉಳಿದಿದ್ದ ಯಾರನ್ನೋ ಕೂಗಿ ಹೇಳುತ್ತಿದ್ದಳು.

"ನಿಧಾನಕ್ಕೆ ಬಾರಕ್ಕ, ನಾನು ಪವಿತ್ರನತ್ರ ಕೂತಿರ್ತೀನಿ."

ಮುನಿರಾಜಣ್ಣ ಬಂಡೆಯ ಮೇಲೆ ನಿಂತುಬಿಟ್ಟರು. ಮುಂದೆ ಹೋಗಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ಜಯಮ್ಮ ಕೆಳಗಿನಿಂದ ಹತ್ತಿ ಬಂದು ಅವರ ಮೊಣಕೈ ಹಿಡಿದರು.

"ನಡೀರಿ" ಎಂದರು. "ಮಗಳತ್ರ ಜನ ಬಂದವ್ರೆ."